ಐದಕ್ಷರದ ಊರು, ಒಂಬತ್ತು ಸಂಕೇತದ ಲೆಕ್ಕ

ಬಾಗಲಕೋಟೆಯಿಂದ ಕಲಾದಗಿಯ ಕಡೆಗೆ ಹೋಗುವ ದಾರಿಯಲ್ಲಿ ತುಳಸಿಗೇರಿ ಎಂಬ ಊರಿದೆ. ಅಲ್ಲಿಯ ಹನುಮಪ್ಪನ ಗುಡಿ ಆ ಸೀಮೆಯಲ್ಲೆಲ್ಲ ಹೆಸರಾದದ್ದು. ಊರಿನ ಹೆಸರನ್ನು ಹಲಗೆಯ ಮೇಲೆ ಬರೆದು, ಇದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಶಾಲೆಯ ಮಗುವನ್ನು ಕೇಳಿದರೆ ಅದು ಬೆರಳು ಮಡಿಚಿ ‘ಐದು’ ಎನ್ನುತ್ತದೆ: ತು, ಳ, ಸಿ, ಗೇ, ರಿ. ಅದೇ ಪ್ರಶ್ನೆಯನ್ನು ಗಣಕಯಂತ್ರಕ್ಕೆ ಹಾಕಿದರೆ ‘ಒಂಬತ್ತು’ ಎಂಬ ಉತ್ತರ ಬರುತ್ತದೆ. ಇನ್ನೊಂದು ಬಗೆಯಲ್ಲಿ ಕೇಳಿದರೆ ‘ಇಪ್ಪತ್ತೇಳು’!

ಮಗುವೂ ತಪ್ಪಿಲ್ಲ, ಯಂತ್ರವೂ ತಪ್ಪಿಲ್ಲ. ಆದರೆ ಈ ಎರಡು ಲೆಕ್ಕಗಳ ನಡುವಣ ಸಂದಿಯಲ್ಲಿ ಒಬ್ಬ ರೈತನ ಅರ್ಜಿಯೋ, ಒಬ್ಬ ಮುದುಕಿಯ ಪಿಂಚಣಿಯೋ, ಒಬ್ಬ ಹುಡುಗನ ವಿದ್ಯಾರ್ಥಿವೇತನವೋ ಸಿಕ್ಕಿಕೊಂಡು ಒದ್ದಾಡುವುದುಂಟು.

ಇಂದು ನಗರದ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಸೊಸೆಯೋ ತಂತ್ರಾಂಶದ ಕೆಲಸದಲ್ಲಿದ್ದಾರೆ. ಜಾಲತಾಣಗಳನ್ನು ಕಟ್ಟುವುದು, ಮೊಬೈಲಿನಲ್ಲಿ ನಡೆಯುವ ಆ್ಯಪ್‌ಗಳನ್ನು ಕಟ್ಟುವುದು ಅವರ ವೃತ್ತಿ. ರಾತ್ರಿ ಹನ್ನೊಂದಾದರೂ ಅವರ ಕೋಣೆಯ ದೀಪ ಆರುವುದಿಲ್ಲ. ‘ಅದೇನಪ್ಪಾ, ಮುಗಿಯದ ಕೆಲಸ?’ ಎಂದು ಹಿರಿಯರು ಕೇಳಿದರೆ, ‘ಎಲ್ಲೋ ಒಂದು ತಪ್ಪು ಇದೆ, ಹುಡುಕುತ್ತಿದ್ದೇನೆ’ ಎಂಬಷ್ಟೇ ಉತ್ತರ. ಆ ತಪ್ಪುಗಳು ಎಂಥವು, ಅವು ಎಲ್ಲಿಂದ ಹುಟ್ಟುತ್ತವೆ, ಬಲ್ಲವರು ಅವನ್ನು ಹೇಗೆ ಸರಿಪಡಿಸುತ್ತಾರೆ ಎಂಬುದನ್ನು ತುಳಸಿಗೇರಿಯನ್ನೂ ಅದರ ಸುತ್ತಿನ ಸೀಮೆಯನ್ನೂ ಮುಂದಿಟ್ಟುಕೊಂಡು ನೋಡೋಣ. ಅವುಗಳಲ್ಲಿ ಬಹುಪಾಲು ಯಂತ್ರದ ತಪ್ಪುಗಳೇ ಅಲ್ಲ. ಕಟ್ಟುವವನು ಬಳಸುವವನನ್ನು ತನ್ನಂತೆಯೇ ಎಂದು ಭಾವಿಸಿಕೊಂಡದ್ದರ ಫಲ ಅವು.

ಕೊಂಬು, ಗುಡಿಸು, ದೀರ್ಘ

ಲೋಕದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು, ಯಾವ ದೇಶದ ಯಂತ್ರವಾದರೂ ಅವನ್ನು ಒಂದೇ ರೀತಿ ಓದುವಂತೆ ಮಾಡಿದ ಏರ್ಪಾಡಿಗೆ ಯುನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ 1991ರಲ್ಲಿ ಹೊರಬಂದಾಗಲೇ ಕನ್ನಡಕ್ಕೆ ಅಲ್ಲಿ 128 ಸ್ಥಾನಗಳ ಒಂದು ಓಣಿ ದೊರಕಿತು. ಆ ಓಣಿಯಲ್ಲಿ ವ್ಯಂಜನಕ್ಕೆ ಒಂದು ಮನೆ. ಕೊಂಬು, ಗುಡಿಸು, ಏತ್ವಗಳಿಗೆ ಬೇರೆ ಬೇರೆ ಮನೆ. ‘ತು’ ನಮ್ಮ ಕಣ್ಣಿಗೆ ಒಂದಕ್ಷರ. ಯಂತ್ರಕ್ಕೆ ತಕಾರ ಒಂದು, ಕೊಂಬು ಒಂದು, ಒಟ್ಟು ಎರಡು. ಹೀಗೆ ಐದು ವ್ಯಂಜನಗಳೂ ನಾಲ್ಕು ಸ್ವರಚಿಹ್ನೆಗಳೂ ಸೇರಿ ತುಳಸಿಗೇರಿ ಒಂಬತ್ತು ಸಂಕೇತಗಳಾಯಿತು. ಯುಟಿಎಫ್-8 ಎಂಬ ರೂಢಿಯ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳ ಜಾಗ ಬೇಕು. ಒಂಬತ್ತು ಮೂರಲೆ ಇಪ್ಪತ್ತೇಳು.

ಇದರಲ್ಲೇನು ಅಪಾಯ ಎನ್ನಬಹುದು. ಇಂಗ್ಲಿಷಿನ ಅಕ್ಷರಕ್ಕೆ ಅದೇ ಕ್ರಮದಲ್ಲಿ ಒಂದೇ ಬೈಟು ಸಾಕು. ಇಂಗ್ಲಿಷನ್ನೇ ಕಣ್ಣಮುಂದಿಟ್ಟುಕೊಂಡ ತಂತ್ರಜ್ಞನು ‘ಊರಿನ ಹೆಸರಿಗೆ ಇಪ್ಪತ್ತು ಬೈಟು ಧಾರಾಳ’ ಎಂದು ನಿಶ್ಚಯಿಸಿದನೆನ್ನಿ. ತುಳಸಿಗೇರಿಯ ಆರು ಸಂಕೇತಗಳು ಹದಿನೆಂಟು ಬೈಟು ತುಂಬುತ್ತವೆ. ಏಳನೆಯದು ಅರ್ಧಕ್ಕೇ ತುಂಡಾಗುತ್ತದೆ. ಕಡತದಲ್ಲಿ ಉಳಿಯುವುದು ‘ತುಳಸಿಗ’ ಮತ್ತು ಅದರ ಬಾಲದಲ್ಲಿ ಅರ್ಥವಿಲ್ಲದ ಒಂದು ಗುರುತು. ಊರಿನ ‘ಗೇರಿ’ಯೇ ಹಾರಿಹೋಯಿತು! ಮೊಬೈಲಿನ ಕಿರುಸಂದೇಶದಲ್ಲೂ ಇದೇ ಕಥೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ ಹಿಡಿಯುವುದು 70 ಸಂಕೇತ ಮಾತ್ರ. ಅಲ್ಲಿಂದಾಚೆಗೆ ಅದು ಎರಡನೆಯ ಸಂದೇಶವೆಂದೇ ಲೆಕ್ಕ.

ಪರಿಹಾರ ಕಷ್ಟದ್ದಲ್ಲ. ಜಾಗವನ್ನು ನಿಗದಿಮಾಡುವಾಗ ಬೈಟುಗಳಲ್ಲಿ ಅಳೆಯದೆ ಅಕ್ಷರಗಳಲ್ಲಿ ಅಳೆಯಬೇಕು. ಕತ್ತರಿಸಲೇಬೇಕಾದರೆ ಪೂರ್ಣಾಕ್ಷರದ ಗಡಿಯಲ್ಲಿ ಕತ್ತರಿಸಬೇಕು. ಮೊದಲ ದಿನದಿಂದಲೇ ‘ಸ್ತ್ರೀ’ ಎಂಬಂಥ ಪದವನ್ನು ಕೊಟ್ಟು ಪರೀಕ್ಷಿಸಬೇಕು. ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಯಂತ್ರಕ್ಕೆ ಆರು ಸಂಕೇತ. ಸಾಲಿನ ಎತ್ತರವನ್ನು ಇಂಗ್ಲಿಷಿಗೆ ತಕ್ಕಂತೆ ಬಿಗಿದಿದ್ದರೆ ಅದರ ಒತ್ತಕ್ಷರಗಳ ಕಾಲು ಮುರಿದಿರುವುದು ಆಗಲೇ ಕಾಣಿಸುತ್ತದೆ.

ಒಂದೇ ಊರು, ಎರಡು ದಾಖಲೆ

ಇದಕ್ಕಿಂತ ಸೂಕ್ಷ್ಮವಾದ ತೊಡಕು ‘ಗೇ’ ಎಂಬ ಅಕ್ಷರದಲ್ಲಿದೆ. ‘ಗೇ’ ಬರೆಯಲು ಯಂತ್ರಕ್ಕೆ ಎರಡು ದಾರಿಗಳುಂಟು. ಏತ್ವವನ್ನೂ ದೀರ್ಘವನ್ನೂ ಒಂದೇ ಸಂಕೇತವಾಗಿ ಬರೆಯುವುದು ಒಂದು. ಏತ್ವವನ್ನು ಬರೆದು ದೀರ್ಘವನ್ನು ಬೇರೆ ಸಂಕೇತವಾಗಿ ಪಕ್ಕದಲ್ಲಿರಿಸುವುದು ಇನ್ನೊಂದು. ತೆರೆಯ ಮೇಲೆ ಎರಡೂ ಅವಳಿ ಮಕ್ಕಳಂತೆ. ಹೆತ್ತ ತಾಯಿಗೂ ವ್ಯತ್ಯಾಸ ತಿಳಿಯದು. ಆದರೆ ಯಂತ್ರದ ಹೊಟ್ಟೆಯಲ್ಲಿ ಒಂದಕ್ಕೆ ಒಂಬತ್ತು ಸಂಕೇತ, ಮತ್ತೊಂದಕ್ಕೆ ಹತ್ತು. ಕಡತದಲ್ಲಿ ಮೊದಲನೆಯ ಬಗೆಯ ತುಳಸಿಗೇರಿಯಿದ್ದು, ಅರ್ಜಿದಾರನ ಮೊಬೈಲು ಎರಡನೆಯ ಬಗೆಯದನ್ನು ಕಳಿಸಿದರೆ, ‘ಇಂಥ ಊರು ಇಲ್ಲ’ ಎಂಬ ಉತ್ತರ ಬರುತ್ತದೆ. ಊರಿನಲ್ಲಿ ನಿಂತವನಿಗೇ ಊರು ಇಲ್ಲವೆನ್ನುವ ಈ ಉತ್ತರವನ್ನು ಕೇಳಿ ಅವನು ಏನೆಂದುಕೊಂಡಾನು? ತನ್ನ ಬೆರಳೇ ತಪ್ಪೊತ್ತಿರಬೇಕೆಂದು ನಾಲ್ಕು ಸಲ ಒತ್ತಿ, ಐದನೆಯ ಸಲಕ್ಕೆ ಎದ್ದುಹೋಗುತ್ತಾನೆ.

ಇದಕ್ಕೂ ಮದ್ದು ಇದೆ. ಬಂದ ಬರವಣಿಗೆಯನ್ನೆಲ್ಲ ಹೊಸ್ತಿಲಲ್ಲಿಯೇ ಒಂದು ರೂಪಕ್ಕೆ ತಂದು ಒಳಗೆ ಬಿಡುವ ವಿಧಾನವನ್ನು ಯುನಿಕೋಡಿನವರೇ ಗೊತ್ತುಮಾಡಿದ್ದಾರೆ. ತಂತ್ರಜ್ಞನು ಬರೆಯಬೇಕಾದದ್ದು ಒಂದೇ ಸಾಲು. ಆ ಒಂದು ಸಾಲು ಬೇಕೆಂಬ ಅರಿವು ಹುಟ್ಟುವುದೇ ಕಷ್ಟ.

ಅಂಕೆಗಳದೂ ಹೀಗೆಯೇ. ಬಾಗಲಕೋಟೆಯ ಅಂಚೆಸಂಖ್ಯೆ 587101. ಮೊಬೈಲಿನ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿಕೊಂಡವರು ಅದನ್ನೇ ೫೮೭೧೦೧ ಎಂದು ಒತ್ತಿಯಾರು. ‘ಅಂಕೆಗಳನ್ನು ಮಾತ್ರ ಬರೆಯಿರಿ’ ಎಂದು ಯಂತ್ರ ಗದರಿಸುತ್ತದೆ. ಬರೆದದ್ದು ಅಂಕೆಯೇ ತಾನೆ? ಗದರಿಸುವ ಬದಲು ಎರಡನ್ನೂ ಒಪ್ಪಿಕೊಂಡು ಒಳಗೆ ಒಂದೇ ರೂಪಕ್ಕೆ ಪರಿವರ್ತಿಸಿದರೆ ಯಾರಿಗೂ ನಷ್ಟವಿಲ್ಲ.

ಕಾಣದ ಗುರುತು

ಬಾಗಲಕೋಟೆಯನ್ನು ಇಂಗ್ಲಿಷಿನ ಉಚ್ಚಾರದಂತೆ ‘ಬಾಗಲ್‌ಕೋಟ್’ ಎಂದು ಬರೆಯುವವರೂ ಇದ್ದಾರೆ. ‘ಲ್’ ಆದ ಮೇಲೆ ‘ಕ’ ಬಂದರೆ ಕನ್ನಡದ ನಿಯಮದಂತೆ ಕಕಾರವು ಒತ್ತಾಗಿ ಕೆಳಗಿಳಿದು ‘ಬಾಗಲ್ಕೋಟ್’ ಆಗಬೇಕು. ಹಾಗಾಗದಂತೆ ತಡೆಯಲು ಇವೆರಡರ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಗುರುತನ್ನು ಇಡುತ್ತಾರೆ. ಕಾಣದ ವಸ್ತುವೆಲ್ಲ ಕಸವೆಂದು ಬಗೆದು ಗುಡಿಸಿಹಾಕುವ ತಂತ್ರಾಂಶಗಳಿವೆ. ಅಂಥ ಕಡೆ ರಾಜ್‌ಕುಮಾರರೆಲ್ಲ ‘ರಾಜ್ಕುಮಾರ್’ ಆಗಿಬಿಡುತ್ತಾರೆ. ಬರೆದಿಡುವಾಗಲೂ ತೋರಿಸುವಾಗಲೂ ಆ ಗುರುತನ್ನು ಉಳಿಸಿಕೊಂಡು, ಹುಡುಕುವಾಗ ಮತ್ತು ಹೋಲಿಸುವಾಗ ಮಾತ್ರ ಕಡೆಗಣಿಸುವುದು ಸರಿಯಾದ ಪದ್ಧತಿ.

ಈ ಕಾಣದ ಗುರುತಿನ ಉಪದ್ರವ ಜಗತ್ಪ್ರಸಿದ್ಧವಾದದ್ದು 2018ರ ಫೆಬ್ರವರಿಯಲ್ಲಿ. ನಮ್ಮ ‘ಜ್ಞಾ’ಕ್ಕೆ ಸಾಟಿಯಾದ ತೆಲುಗಿನ ಅಕ್ಷರವೊಂದು, ತನ್ನೊಳಗೆ ಇಂಥದೇ ಗುರುತನ್ನು ಇಟ್ಟುಕೊಂಡು ಆ್ಯಪಲ್ ಕಂಪನಿಯ ಐಫೋನುಗಳಿಗೆ ಸಂದೇಶವಾಗಿ ಬಂದೊಡನೆ, ಅದನ್ನು ತೆರೆಯ ಮೇಲೆ ಬರೆಯಹೊರಟ ತಂತ್ರಾಂಶ ಕುಸಿದುಬೀಳುತ್ತಿತ್ತು. ಸಾವಿರಾರು ಮೈಲಿ ದೂರದ ತಜ್ಞರು ಕಟ್ಟಿದ, ಹತ್ತಾರು ಸಾವಿರ ರೂಪಾಯಿ ಬೆಲೆಯ ಯಂತ್ರ ‘ಜ್ಞಾನ’ದ ಮೊದಲಕ್ಷರಕ್ಕೇ ತಲೆಬಾಗಿತು! ಅದೇ ತಿಂಗಳಲ್ಲಿ ಕಂಪನಿ 11.2.6 ಎಂಬ ತಿದ್ದುಪಡಿಯನ್ನು ಹೊರಡಿಸಿ ಸರಿಪಡಿಸಿತು. ಕೋಟ್ಯಂತರ ಜನರ ದಿನನಿತ್ಯದ ಬರವಣಿಗೆ ಪರೀಕ್ಷೆಯ ಕೋಣೆಯೊಳಗೆ ಪೂರ್ತಿಯಾಗಿ ಬಂದಿರಲಿಲ್ಲವೆಂಬುದು ಇದರಿಂದ ಬಯಲಾಯಿತು.

ಹಳೆಯ ಕಡತಗಳದು ಬೇರೆಯೇ ಪೇಚು. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಅಕ್ಷರರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಪೀಠದಲ್ಲಿ ಕೂಡಿಸುವ ಉಪಾಯವೊಂದಿತ್ತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದಾಗಿ ಕನ್ನಡ ಕಚೇರಿಗೂ ಅಚ್ಚುಮನೆಗೂ ಬಂದಿತೆಂಬ ಉಪಕಾರ ಮರೆಯುವಂಥದಲ್ಲ. ಆದರೆ ಆ ಕಾಲದ ಕಡತಗಳನ್ನು ಯುನಿಕೋಡಿಗೆ ತಿರುಗಿಸುವಾಗ ಎಚ್ಚರ ತಪ್ಪಿದರೆ ಅರ್ಕಾವತ್ತು ಜಾಗ ತಪ್ಪುತ್ತದೆ. ಹಳೆಯ ಕ್ರಮದಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತಿತ್ತು. ಹೊಸ ಕ್ರಮದಲ್ಲಿ ಉಚ್ಚಾರದಂತೆ ಮೊದಲು ಬರಬೇಕು. ಜಾಲತಾಣಗಳಲ್ಲಿ ‘ವರ್ಷ’ವು ‘ವಷರ್’ ಆಗಿ, ‘ಕಾರ್ಯ’ವು ‘ಕಾಯರ್’ ಆಗಿ ಕಾಣುವುದರ ಗುಟ್ಟು ಇದು.

ಊರು ಅಲ್ಲೇ, ವಿಳಾಸ ಬೇರೆ

ಅಕ್ಷರ ಸರಿಹೋದರೆ ವಿಳಾಸದ ಸರದಿ. 1997ರವರೆಗೆ ಬಾಗಲಕೋಟೆ ಬಿಜಾಪುರ ಜಿಲ್ಲೆಯ ಒಂದು ತಾಲ್ಲೂಕು. ಆ ವರ್ಷ ಅದೇ ಜಿಲ್ಲೆಯಾಯಿತು. 2014ರ ನವೆಂಬರ್ ಒಂದರಂದು ಬಿಜಾಪುರವು ವಿಜಯಪುರವಾಯಿತು. ಹುನಗುಂದ ತಾಲ್ಲೂಕಿನಲ್ಲಿದ್ದ ಇಳಕಲ್ಲು ಈಗ ಬೇರೆ ತಾಲ್ಲೂಕು. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳವರು ನವನಗರದ ಸೆಕ್ಟರುಗಳಿಗೆ ಹೋಗಿ ನೆಲೆಸಿದರು. ಊರಲ್ಲೇ ಕುಳಿತ ಒಬ್ಬ ಹಿರಿಯರ ಜನ್ಮದ ದಾಖಲೆಯಲ್ಲಿ ಒಂದು ಜಿಲ್ಲೆ, ಮಗನ ಶಾಲೆಯ ದಾಖಲೆಯಲ್ಲಿ ಇನ್ನೊಂದು, ಮೊಮ್ಮಗನ ಅರ್ಜಿಯಲ್ಲಿ ಮತ್ತೊಂದು ವಿಳಾಸ. ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕೆಂದು ಹಟ ಹಿಡಿಯುವ ತಂತ್ರಾಂಶ ಮೂವರನ್ನೂ ಅಪರಿಚಿತರೆಂದು ತೀರ್ಮಾನಿಸುತ್ತದೆ.

ಆದ್ದರಿಂದ ಬಲ್ಲವರು ಊರನ್ನು ಹೆಸರಿನಿಂದ ಗುರುತಿಸುವುದಿಲ್ಲ. ಅದಕ್ಕೊಂದು ಸ್ಥಿರವಾದ ಸಂಖ್ಯೆಯನ್ನು ಬಳಸುತ್ತಾರೆ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಹಳ್ಳಿ ಹಳ್ಳಿಗೂ ಇಂಥ ಸಂಖ್ಯೆ ಕೊಟ್ಟು ಪಟ್ಟಿಯೊಂದನ್ನು ಇಟ್ಟಿದೆ. ಹೆಸರು, ತಾಲ್ಲೂಕು, ಜಿಲ್ಲೆಗಳು ಆ ಸಂಖ್ಯೆಗೆ ತೊಡಿಸಿದ ಅಂಗಿಗಳು. ಯಾವ ಇಸವಿಯಿಂದ ಯಾವ ಇಸವಿಯವರೆಗೆ ಯಾವ ಅಂಗಿ ಎಂದು ಬರೆದಿಟ್ಟುಕೊಂಡರೆ ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಊರಿನವರೆಂದು ಯಂತ್ರಕ್ಕೂ ತಿಳಿಯುತ್ತದೆ.

ಮುಂಜಾವದ ಹಾಲು, ಎರಡು ಸಲದ ಹಣ

ಇನ್ನು ಹೊತ್ತಿನ ಲೆಕ್ಕ. ಯಂತ್ರಗಳ ಕೇಂದ್ರಗಳು ಸಾಮಾನ್ಯವಾಗಿ ಇಡೀ ಲೋಕಕ್ಕೆ ಸಲ್ಲುವ ಒಂದು ಮೂಲಕಾಲವನ್ನು ಅನುಸರಿಸುತ್ತವೆ; ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದು. ಹಳ್ಳಿಯ ಹಾಲಿನ ಸಂಘಕ್ಕೆ ಒಬ್ಬ ಹೆಣ್ಣುಮಗಳು ತಿಂಗಳ ಮೊದಲನೆಯ ತಾರೀಖು ಬೆಳಗಿನ ಐದು ಗಂಟೆಗೆ ಹಾಲು ಹಾಕಿದಳೆನ್ನಿ. ಮೂಲಕಾಲದಲ್ಲಿ ಆಗಿನ್ನೂ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ತಂತ್ರಜ್ಞ ಇದನ್ನು ಮರೆತಿದ್ದರೆ ಅವಳ ಹಾಲು ಹಿಂದಿನ ತಿಂಗಳ ಲೆಕ್ಕಕ್ಕೆ ಹೋಗುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಹತ್ತು ಗಂಟೆಗೆ ಕುಳಿತು ಪರೀಕ್ಷಿಸಿದವರಿಗೆ ಈ ತಪ್ಪು ಎಂದಿಗೂ ಕಾಣಿಸದು. ಐದೂವರೆಗೆ ಮುನ್ನ ಎದ್ದವರಿಗೆ ಮಾತ್ರ ಅದು ಕಾಣುತ್ತದೆ. ಕ್ಷಣವನ್ನು ಮೂಲಕಾಲದಲ್ಲಿ ಬರೆದರೂ ವ್ಯವಹಾರದ ‘ದಿನ’ವನ್ನು ಊರಿನ ಪಂಚಾಂಗದಂತೆಯೇ ಬರೆಯಬೇಕೆಂಬುದು ಇಲ್ಲಿಯ ಪಾಠ.

ಹಣ ಕಳಿಸುವಾಗಿನ ಕಳವಳ ಎಲ್ಲರಿಗೂ ಗೊತ್ತಿರುವಂಥದು. ಗುಂಡಿ ಒತ್ತಿದ್ದಾಯಿತು, ತೆರೆಯ ಮೇಲೆ ಚಕ್ರ ಸುತ್ತುತ್ತಿದೆ, ಸಂಪರ್ಕ ಕಡಿದಿದೆ. ಹಣ ಹೋಯಿತೇ, ಇಲ್ಲವೇ? ಮತ್ತೆ ಒತ್ತಿದರೆ ಎರಡು ಸಲ ಹೋದೀತೇ? ಸರಿಯಾಗಿ ಕಟ್ಟಿದ ಆ್ಯಪು ಗುಂಡಿ ಒತ್ತಿದ ಗಳಿಗೆಯಲ್ಲೇ ಆ ಕೆಲಸಕ್ಕೊಂದು ಚೀಟಿಸಂಖ್ಯೆ ಕೊಟ್ಟಿರುತ್ತದೆ. ಅದೇ ಸಂಖ್ಯೆಯ ಚೀಟಿ ಕೇಂದ್ರಕ್ಕೆ ಹತ್ತು ಸಲ ತಲುಪಿದರೂ ಕೇಂದ್ರ ಹಣವನ್ನು ಒಂದೇ ಸಲ ಸಾಗಿಸಿ, ಉಳಿದ ಒಂಬತ್ತು ಸಲ ಅದೇ ರಸೀತಿಯನ್ನು ತೋರಿಸುತ್ತದೆ. ಸಂಪರ್ಕವೇ ಇಲ್ಲದ ಎಡೆಯಲ್ಲಿ ಬರೆದದ್ದನ್ನು ಮೊದಲು ಮೊಬೈಲಿನ ಒಡಲಲ್ಲೇ ಕಾಪಾಡಿಟ್ಟು, ಸಂಪರ್ಕ ಬಂದಾಗ ಕಳಿಸಬೇಕು. ‘ಇನ್ನೂ ಕಳಿಸಿಲ್ಲ’ ಎಂದು ಸ್ಪಷ್ಟವಾಗಿ ತಿಳಿಸಬೇಕು. ಒಂದೇ ದಾಖಲೆಯನ್ನು ಇಬ್ಬರು ತಿದ್ದಿದ್ದರೆ ಎರಡನೆಯವನ ಮಾತು ಮೊದಲನೆಯವನದನ್ನು ಸದ್ದಿಲ್ಲದೆ ಅಳಿಸಿಹಾಕಬಾರದು. ಇಬ್ಬರದನ್ನೂ ತೋರಿಸಿ ಕೇಳಬೇಕು.

ಒಡಲಿಗೂ ಸೆರಗಿಗೂ ಬೆಸುಗೆ

ಪ್ರತಿಯೊಂದು ಆ್ಯಪಿಗೂ ಎರಡು ಭಾಗಗಳುಂಟು: ಕೈಯಲ್ಲಿ ಕಾಣುವ ಮುಂಭಾಗ, ದೂರದ ಕೇಂದ್ರದಲ್ಲಿ ದುಡಿಯುವ ಹಿಂಭಾಗ. ಅನೇಕ ವೇಳೆ ಇವನ್ನು ಬೇರೆ ಬೇರೆ ತಂಡದವರು ಕಟ್ಟುತ್ತಾರೆ. ಇವುಗಳ ಬೆಸುಗೆ ಹೇಗಿರಬೇಕೆಂದು ತಿಳಿಯಬೇಕಾದರೆ ಇಳಕಲ್ಲ ಸೀರೆಯನ್ನು ನೋಡಬೇಕು. ಅಲ್ಲಿಯ ನೇಕಾರರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಯಾಗಿ ಅಣಿಮಾಡಿ, ಎಳೆಗೆ ಎಳೆಯನ್ನು ಕುಣಿಕೆಯಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕಾಗುವುದು ಇದರಿಂದಲೇ. ಎಳೆಗಳ ಲೆಕ್ಕ ಎರಡೂ ಕಡೆ ಒಂದೇ ಆಗಿರಬೇಕು. ಅದನ್ನು ಮಗ್ಗಕ್ಕೆ ಕೂರುವ ಮೊದಲೇ ಎಣಿಸಿರಬೇಕು.

ತಂತ್ರಾಂಶದಲ್ಲೂ ಅಷ್ಟೆ. ಹಿಂಭಾಗದವರು ‘ಊರು’ ಎಂದು ಕಳಿಸಿದ್ದನ್ನು ಮುಂಭಾಗದವರು ‘ಗ್ರಾಮ’ ಎಂದು ಹುಡುಕುತ್ತ ಕುಳಿತರೆ ತೆರೆ ಖಾಲಿ. ಯಾವ ಮಾಹಿತಿ, ಯಾವ ಹೆಸರಿನಲ್ಲಿ, ಯಾವ ರೂಪದಲ್ಲಿ ಎಂಬ ಒಪ್ಪಂದವನ್ನು ಮೊದಲೇ ಬರೆದು, ಬದಲಾಯಿಸುವಾಗ ಹಳೆಯ ಮೊಬೈಲುಗಳಲ್ಲಿರುವ ಹಳೆಯ ಆ್ಯಪುಗಳನ್ನೂ ನೆನೆಯಬೇಕು. ಮುಂಭಾಗದಲ್ಲಿ ತಪಾಸಣೆಯಾಗಿದೆಯೆಂದು ಹಿಂಭಾಗದವರು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಹೆಬ್ಬಾಗಿಲಿಗೆ ಕಾವಲಿಟ್ಟು ಹಿತ್ತಲ ಗೋಡೆಯನ್ನು ತೆರೆದುಬಿಟ್ಟಂತಾದೀತು.

ರೈತನ ಕಡೆಗೆ ತಿರುಗಿದ ತೆರೆ

ಇಷ್ಟೆಲ್ಲ ತೊಡಕುಗಳ ನಡುವೆ ಕೆಲಸ ಸಾಧಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಡಿ ಹೊಲದ ದಾಖಲೆಗಳನ್ನು ಗಣಕಕ್ಕೇರಿಸಿತು. ಬಾಗಲಕೋಟೆಯ ಕಡೆಯ ಜನ ‘ಉತಾರ’ ಎಂದು ಕರೆಯುವ ಪಹಣಿಪತ್ರಗಳು ಸುಮಾರು 2 ಕೋಟಿ. ಅವುಗಳ ಹಿಂದಿನ ಭೂಮಾಲೀಕರು ಸುಮಾರು 67 ಲಕ್ಷ. ಎಲ್ಲವೂ ಕನ್ನಡದಲ್ಲಿ. ತಂತ್ರಾಂಶವನ್ನು ರೂಪಿಸಿದವರು ರಾಷ್ಟ್ರೀಯ ಮಾಹಿತಿ ಕೇಂದ್ರದವರು. ಆಗ 15 ರೂಪಾಯಿ ಕೊಟ್ಟವರಿಗೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿ ದೊರೆಯುವಂತಾಯಿತು.

ಇದರಲ್ಲಿ ಮೆಚ್ಚಬೇಕಾದದ್ದು ಯಂತ್ರದ ವೇಗವೊಂದನ್ನೇ ಅಲ್ಲ. ಗಣಕಕ್ಕೇರಿಸಿದ ಮಾಹಿತಿಯನ್ನು ಅಚ್ಚು ಹಾಕಿಸಿ, ಗ್ರಾಮ ಲೆಕ್ಕಿಗರ ಕೈಗೆ ಮರಳಿಸಿ, ಮೂಲ ಪುಸ್ತಕದೊಡನೆ ತಾಳೆ ನೋಡಿಸಿದರು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗುವಂತೆ ಕಟ್ಟಿದರು. ಅಧಿಕಾರಿಯು ಬೆರಳಚ್ಚು ಕೊಟ್ಟೇ ಒಳಹೊಗಬೇಕೆಂದು ವಿಧಿಸಿದರು. ಕಿಂಡಿಯಲ್ಲಿ ಎರಡನೆಯದೊಂದು ತೆರೆಯನ್ನು ಹೊರಗೆ ನಿಂತ ರೈತನ ಕಡೆಗೆ ತಿರುಗಿಸಿಟ್ಟದ್ದು ಎಲ್ಲಕ್ಕಿಂತ ಜಾಣತನದ ಏರ್ಪಾಡು. ಒಳಗೆ ಗುಮಾಸ್ತ ಏನು ಬರೆಯುತ್ತಿದ್ದಾನೆಂಬುದನ್ನು ರೈತ ಆಗಲೇ ನೋಡುತ್ತಾನೆ. ತನ್ನ ಹೆಸರಿನ ದೀರ್ಘ ಬಿಟ್ಟುಹೋದರೆ, ಎಕರೆ ಗುಂಟೆ ಅದಲುಬದಲಾದರೆ, ‘ಸ್ವಾಮೀ, ಅಲ್ಲಿ ತಪ್ಪಿದೆ’ ಎನ್ನುವ ಅವಕಾಶ ಅವನಿಗಿದೆ. ತನ್ನ ಹೊಲದ ಅಳತೆಯನ್ನು ಅವನಿಗಿಂತ ಚೆನ್ನಾಗಿ ಬಲ್ಲ ಪರೀಕ್ಷಕ ಇನ್ನಾರು?

ತಂತ್ರಾಂಶ ಕಟ್ಟುವ ಎಲ್ಲರಿಗೂ ಇದು ಸಲ್ಲುವ ಮಾತು. ತೆರೆ ಬಳಸುವವನ ಕಡೆಗೆ ತಿರುಗಿರಬೇಕು. ಹವಾನಿಯಂತ್ರಿತ ಕೋಣೆಯಲ್ಲಿ, ವೇಗದ ಸಂಪರ್ಕದಲ್ಲಿ, ಹೊಸ ಮೊಬೈಲಿನಲ್ಲಿ, ಇಂಗ್ಲಿಷ್ ಹೆಸರನ್ನು ಬರೆದು ‘ಸರಿಯಾಗಿದೆ’ ಎನ್ನುವುದು ಪರೀಕ್ಷೆಯಲ್ಲ. ನಿಜವಾದ ಊರಿನ ಹೆಸರು, ನಾಲ್ಕು ವರ್ಷದ ಹಳೆಯ ಮೊಬೈಲು, ಬಿಟ್ಟು ಬಿಟ್ಟು ಬರುವ ಸಂಪರ್ಕ, ಮುಂಜಾವದ ಐದು ಗಂಟೆ, ಇವುಗಳ ನಡುವೆ ನಿಂತದ್ದು ಎಲ್ಲೆಡೆಯೂ ನಿಂತೀತು.

ಮನೆಯಲ್ಲಿ ಕುಳಿತು ಬಳಸುವ ನಮಗೂ ಒಂದು ಕರ್ತವ್ಯವಿದೆ. ಆ್ಯಪು ನಿಮ್ಮ ಹೆಸರನ್ನೋ ಊರನ್ನೋ ಒಪ್ಪದಿದ್ದರೆ ‘ನನಗೆ ಇದೆಲ್ಲ ತಿಳಿಯದು’ ಎಂದು ಮೊಬೈಲನ್ನು ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಯಾವ ಮೊಬೈಲು, ಎಷ್ಟು ಗಂಟೆ, ಏನು ಬರೆದಿರಿ, ಏನು ಉತ್ತರ ಬಂತು ಎಂಬ ನಾಲ್ಕು ವಿಷಯಗಳನ್ನು ಗುರುತುಮಾಡಿಕೊಂಡು, ತೆರೆಯ ಚಿತ್ರದೊಡನೆ ಅದನ್ನು ನಡೆಸುವವರಿಗೆ ಬರೆದು ತಿಳಿಸಿ. ರಾತ್ರಿ ಹನ್ನೊಂದರವರೆಗೆ ದೀಪ ಹಚ್ಚಿಕೊಂಡು ತಪ್ಪು ಹುಡುಕುವ ಹುಡುಗರಿಗೆ ಅಂಥ ನಾಲ್ಕು ಸಾಲು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಹೆಸರು ನಿಮ್ಮದು, ಊರು ನಿಮ್ಮದು. ಅವನ್ನು ಸರಿಯಾಗಿ ಬರೆದುಕೊಳ್ಳುವ ಭಾರ ಯಂತ್ರದ್ದು.